ಇಪ್ಪತ್ತಮೂರನೇ ಹಾಳೆ

ಕರೋಲ್ ಬಾಗ್, ದೆಹಲಿ
23 ಫೆಬ್ರವರಿ 2003

ತಿಪ್ಪೇಸ್ವಾಮಿ,

ನಿನಗೆ ಕಾಗದ ಬರೆದು ಹನ್ನೆರಡು ವರ್ಷವಾಯಿತು. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದನ್ನು ಹರಿದು ಹಾಕೋಣ ಅನ್ನಿಸಿರಬಹುದು. ಹರಿಯಬೇಡ, ಒಳ್ಳೆಯ ಸುದ್ದಿಯೇ ಇದೆ.

ಗುರುವಾರ ಫರೀದಾಬಾದಿಗೆ, ನಿನ್ನ ಶಾಲೆಗೇ ಬಂದಿದ್ದೆ. ಹನ್ನೆರಡನೇ ಕ್ಲಾಸಿನ ಚಿತ್ರಕಲೆ ಪ್ರಾಕ್ಟಿಕಲ್ಲಿಗೆ ಈ ಸಲ ಬೋರ್ಡಿನವರು ಹೊರಗಿನ ಪರೀಕ್ಷಕನೆಂದು ನನ್ನ ಹೆಸರು ಹಾಕಿದ್ದರು. ನಿಮ್ಮ ಪ್ರಿನ್ಸಿಪಾಲ್ ಮೇಡಂ ಸಮೋಸ ತರಿಸಿದರು, ಹೂಗುಚ್ಛ ಕೊಟ್ಟರು. ಡ್ರಾಯಿಂಗ್ ಮೇಷ್ಟ್ರು ಎಲ್ಲಿ ಎಂದರೆ, ಜ್ವರ ಬಂದಿದೆ, ರಜೆ ಎಂದರು. ನಿನಗೆ ಜ್ವರವೂ ಇಲ್ಲ ಗಿರವೂ ಇಲ್ಲ, ನನ್ನ ಮುಖ ನೋಡಬಾರದೆಂದು ಮನೆಯಲ್ಲಿ ಕೂತಿದ್ದೀಯ ಎಂದು ನನಗೆ ತಿಳಿಯದೇ? ಹನ್ನೆರಡು ವರ್ಷದ ಹಿಂದೆ ಕನ್ನಡ ಸಂಘದ ಹಾಲ್‌ನಲ್ಲಿ ನಿನ್ನ ಚಿತ್ರಪ್ರದರ್ಶನದ ದಿನ, ನಾನು ನಾಲ್ಕು ಜನರ ಎದುರಿಗೆ, 'ಇವಕ್ಕೆ ಚೌಕಟ್ಟು ಹಾಕಿಸಿದ್ದು ದಂಡ, ಕ್ಯಾಲೆಂಡರ್ ಮಾಡಿಸಬೇಕಿತ್ತು' ಎಂದಿದ್ದೆ. ಆ ಮಾತು ನಿನ್ನ ಹೊಟ್ಟೆಯಲ್ಲಿ ಇನ್ನೂ ಇದೆ. ಇರಲಿ. ಮಾತು ಸುಳ್ಳಾಗಿರಲಿಲ್ಲ, ಹೇಳಿದ ಜಾಗ ತಪ್ಪಾಗಿತ್ತು.

ಈಗ ಸುದ್ದಿಗೆ ಬರುತ್ತೇನೆ. ಇಪ್ಪತ್ತಮೂರು ಹಾಳೆಗಳನ್ನು ನನ್ನ ಮುಂದೆ ಹರಡಿದರು. ಹೆಸರಿಲ್ಲ, ರೋಲ್ ನಂಬರು ಮಾತ್ರ. ಮಡಕೆ, ಬದನೆಕಾಯಿ, ಬಾಟಲಿ, ಹಿಂದೆ ಒಂದು ಬಟ್ಟೆ. ಮಕ್ಕಳು ಸೋಮವಾರ ಮಂಗಳವಾರ ಬರೆಯುತ್ತಾರೆ, ಪರೀಕ್ಷಕ ಗುರುವಾರ ಬರುತ್ತಾನೆ, ನಡುವೆ ಬುಧವಾರ ಮೇಷ್ಟ್ರು ಬಾಗಿಲು ಹಾಕಿಕೊಂಡು ಎಲ್ಲಕ್ಕೂ 'ಫಿನಿಶಿಂಗ್' ಕೊಡುತ್ತಾನೆ. ಇದು ನಡೆಯದ ಶಾಲೆ ದೆಹಲಿಯಲ್ಲೂ ಇಲ್ಲ, ಸುತ್ತಮುತ್ತಲೂ ಇಲ್ಲ. ನಾನೂ ಕೊಡುತ್ತೇನೆ. ನಿನ್ನ ಇಪ್ಪತ್ತೆರಡು ಮಡಕೆಗಳಿಗೂ ಬಲಗಡೆಯೇ ನೆರಳು, ಇಪ್ಪತ್ತೆರಡು ಬದನೆಕಾಯಿಗಳ ಮೇಲೂ ಅಕ್ಕಿ ಕಾಳಿನಷ್ಟು ಬಿಳಿ ಹೊಳಪು. ದಾವಣಗೆರೆಯ ಚಿತ್ರಕಲಾ ಶಾಲೆಯಲ್ಲಿ ನಾಲ್ಕು ವರ್ಷ ಪಕ್ಕದಲ್ಲೇ ಕೂತು ನೋಡಿದ ಕೈ ಅದು, ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಹಿಡಿದೂ ಬಾಯಿ ಮುಚ್ಚಿಕೊಂಡೆ. ಅರವತ್ತಕ್ಕೆ ನಲವತ್ತೈದು, ಐವತ್ತು, ಐವತ್ತೆರಡು ಕೊಟ್ಟೆ. ನನ್ನ ಕಡೆಯ ಕ್ಷಮೆ ಎಂದುಕೊ.

ಒಂದೇ ಒಂದು ಹಾಳೆ, ಕೊನೆಯದು, ನಿನ್ನ ಕೈಯದಲ್ಲ. ಯಾವಳೋ ಯಾವನೋ ದುಡ್ಡು ಕೊಟ್ಟು ಹೊರಗಡೆ ಬರೆಸಿ, ನಿನ್ನ ಕಣ್ಣು ತಪ್ಪಿಸಿ ಒಳಗೆ ತೂರಿಸಿದ್ದಾರೆ. ಆರ್ಟ್ ಕಾಲೇಜಿನಲ್ಲಿ ಕಡೆಯ ವರ್ಷ ಓದುವವನ ಕೆಲಸ ಅದು, ಹದಿನೆಂಟರ ಮಗುವಿನದಲ್ಲ. ಒಂಬತ್ತು ಅಂಕ ಹಾಕಿ ಫೇಲು ಮಾಡಿದ್ದೇನೆ. ನಿನ್ನ ಮನೆಗೆ ನುಗ್ಗಿದ ಕಳ್ಳನನ್ನು ನಾನು ಹಿಡಿದ ಹಾಗಾಯಿತು. ಧನ್ಯವಾದ ಹೇಳದಿದ್ದರೂ ಪರವಾಗಿಲ್ಲ, ಉತ್ತರ ಬರಿ.

ನಿನ್ನ ಹಳೆಯ ಗೆಳೆಯ,
ಕೇಶವಮೂರ್ತಿ


ಫರೀದಾಬಾದ್
28 ಫೆಬ್ರವರಿ 2003

ಕೇಶವಮೂರ್ತಿ,

ನಿನ್ನ ಕ್ಷಮೆಯೂ ಬೇಡ, ನಿನ್ನ ಐವತ್ತೆರಡೂ ಬೇಡ. ನೀನು ಫೇಲು ಮಾಡಿದ್ದೀಯಲ್ಲ, ಆ ಹಾಳೆಯೊಂದೇ ಪರೀಕ್ಷೆಗೆ ಕೂತ ಮಗು ತಾನೇ ಬರೆದದ್ದು. ಉಳಿದದ್ದೆಲ್ಲ ನನ್ನದು, ನೀನು ಸರಿಯಾಗಿಯೇ ಕಂಡುಹಿಡಿದೆ. ಆ ಹಾಳೆಯನ್ನು ನಾನು ಮುಟ್ಟಲಿಲ್ಲ. ಮುಟ್ಟಲು ಕೈ ಬರಲಿಲ್ಲ.

ಹುಡುಗಿಯ ಹೆಸರು ವಿಮಲಾ. ಇಲ್ಲಿನ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ಬಸವಲಿಂಗಪ್ಪನವರ ಮಗಳು. ನಮ್ಮ ಚಿತ್ರದುರ್ಗದ ಕಡೆಯವರೇ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ದೀಪಾವಳಿಯ ಚಿತ್ರ ಬರೆಯಲು ಹೇಳಿದ್ದೆ. ನಲವತ್ತು ಮಕ್ಕಳೂ ಹಣತೆ ಬರೆದರು. ಇವಳು ಹಬ್ಬದ ಮಾರನೆಯ ದಿನ ತಮ್ಮ ಕ್ವಾರ್ಟರ್ಸಿನ ಹಿಂದಿನ ಚರಂಡಿಯಲ್ಲಿ ತೇಲುತ್ತಿದ್ದ ಪಟಾಕಿ ಕಾಗದ ಬರೆದಿದ್ದಳು. ಬೈದು ಸೊನ್ನೆ ಹಾಕಿದೆ. ಮೂರು ದಿನ ಆ ಕೆಂಪು ಕಾಗದ ಕಣ್ಣಿನಿಂದ ಹೋಗಲಿಲ್ಲ. ನಾಲ್ಕನೆಯ ದಿನ ಪುಸ್ತಕ ವಾಪಸ್ಸು ತರಿಸಿಕೊಂಡು ಸೊನ್ನೆ ಹೊಡೆದು ಹಾಕಿದೆ. ಅವತ್ತಿನಿಂದ ಅವಳಿಗೆ ನಾನು ಏನನ್ನೂ ಕಲಿಸಿಲ್ಲ. ಕಾಗದ, ಬಣ್ಣ ಕೊಟ್ಟು ಪಕ್ಕಕ್ಕೆ ಸರಿದು ನಿಂತಿದ್ದೇನೆ, ಅಷ್ಟೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನಾನು ನೆಟ್ಟಗೆ ಮಾಡಿದ ಕೆಲಸ ಅದೊಂದೇ.

ಆ ಬುಧವಾರವೂ ಹಾಗೆಯೇ ಮಾಡಿದೆ. ಅವಳ ಹಾಳೆಯಲ್ಲಿ ಬದನೆಕಾಯಿ ಹಿಂದಿನ ಬಟ್ಟೆಯ ಕತ್ತಲೆಯಲ್ಲಿ ಮುಳುಗಿಹೋಗಿ ತೊಟ್ಟು ಮಾತ್ರ ಕಾಣುತ್ತಿತ್ತು. ನೀನೂ ನೋಡಿದ್ದೀಯಲ್ಲ. ಪರೀಕ್ಷೆಯ ದಿನ ಟ್ಯೂಬ್‌ಲೈಟ್ ಕೆಟ್ಟಿತ್ತು, ಇದ್ದದ್ದು ಎಡಗಡೆ ಕಿಟಕಿಯ ಬೆಳಕೊಂದೇ. ಇದ್ದದ್ದನ್ನು ಇದ್ದ ಹಾಗೆ ನೋಡಿದವಳು ಅವಳೊಬ್ಬಳೇ. ಆ ಹಾಳೆ ಪಕ್ಕಕ್ಕಿಟ್ಟು ಉಳಿದ ಇಪ್ಪತ್ತೆರಡಕ್ಕೂ ಬಿಳಿ ಚುಕ್ಕೆ ಇಟ್ಟೆ. ಹಾಗೆ ಮಾಡಿದ್ದರಿಂದ ಅವಳೇ ಕಳ್ಳಿಯಾಗುತ್ತಾಳೆಂದು ನನಗೆ ಹೊಳೆಯಲಿಲ್ಲ. ರಜೆ ಹಾಕದೆ ಶಾಲೆಯಲ್ಲೇ ಇದ್ದಿದ್ದರೆ ನಿನಗೆ ಬಾಯಿಬಿಟ್ಟು ಹೇಳಬಹುದಿತ್ತು. ನಿನ್ನ ಮುಖ ನೋಡಬಾರದೆಂಬ ಹಟಕ್ಕೆ ಮನೆಯಲ್ಲಿ ಕೂತೆ.

ನಿನ್ನ ಕಾಲು ಹಿಡಿಯಬೇಕಾದರೆ ಹಿಡಿಯುತ್ತೇನೆ. ಆ ಒಂಬತ್ತನ್ನು ತಿದ್ದು. ಅವಳು ಆರ್ಟ್ ಕಾಲೇಜಿಗೆ ಹೋಗಬೇಕು. ಚಿತ್ರಕಲೆಯಲ್ಲಿ ಅರವತ್ತಕ್ಕೆ ಮೂವತ್ತಾದರೂ ಇಲ್ಲದವರನ್ನು ಅಲ್ಲಿ ಬಾಗಿಲ ಒಳಕ್ಕೂ ಬಿಡುವುದಿಲ್ಲ. ಅವರಪ್ಪ ಒಂದೇ ಒಂದು ಅವಕಾಶ ಕೊಟ್ಟಿದ್ದಾರೆ. 'ಈ ವರ್ಷ ಸೀಟು ಸಿಕ್ಕಿದ್ರೆ ಸರಿ. ಇಲ್ದಿದ್ರೆ ಬಣ್ಣದ ಡಬ್ಬಿ ಕಟ್ಟಿಟ್ಟು ಗುಮಾಸ್ತೆ ಪರೀಕ್ಷೆಗೆ ಓದ್ಕೋ' ಎಂದಿದ್ದಾರೆ.

ತಿಪ್ಪೇಸ್ವಾಮಿ


ಕರೋಲ್ ಬಾಗ್
8 ಮಾರ್ಚ್ 2003

ತಿಪ್ಪೇಶಿ,

ಅಂಕಪಟ್ಟಿ ಅವತ್ತೇ ಮೊಹರಾಗಿ ಬೋರ್ಡಿಗೆ ಹೋಯಿತು. ಅದನ್ನು ತೆರೆಸಬೇಕಾದರೆ ಕಾರಣ ಬೇಕು. ಕಾರಣ ನಿನ್ನ ಕೈಯಲ್ಲಿದೆ. 'ಇಪ್ಪತ್ತೆರಡು ಹಾಳೆಗಳನ್ನು ನಾನೇ ತಿದ್ದಿದ್ದೇನೆ, ಇಪ್ಪತ್ತಮೂರನೆಯದು ವಿದ್ಯಾರ್ಥಿನಿಯ ಸ್ವಂತದ್ದು' ಎಂದು ಎರಡು ಸಾಲು ಬರೆದು ಸಹಿ ಹಾಕಿ ಕಳಿಸು. ಮೇಲೆ ನನ್ನ ಟಿಪ್ಪಣಿ ಇಟ್ಟು ಮುಂದಕ್ಕೆ ಕಳಿಸುತ್ತೇನೆ. ನಿನ್ನ ಕೈಯನ್ನು ಕಂಡೂ ಸುಮ್ಮನಿದ್ದೆ ಎಂದು ನನ್ನ ಮೇಲೂ ಮಾತು ಬರುತ್ತದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ಇನ್ನೊಂದು ಮಾತು. ನೀನು ಹೇಳಿದ್ದನ್ನು ಪೂರಾ ನಂಬಿದ್ದೇನೆ ಎಂದುಕೊಳ್ಳಬೇಡ. ಆ ಹಾಳೆ ನನಗೆ ಚೆನ್ನಾಗಿ ನೆನಪಿದೆ. ಅದು ಕೆಟ್ಟದಾಗಿತ್ತೆಂದು ನಾನು ಒಂಬತ್ತು ಹಾಕಲಿಲ್ಲ. ಆ ಕೋಣೆಯಲ್ಲಿ ಚಿತ್ರವೆಂದು ಕರೆಯಬಹುದಾದದ್ದು ಅದೊಂದೇ ಇತ್ತು. ಆದ್ದರಿಂದಲೇ ಕಳ್ಳಮಾಲು ಎನ್ನಿಸಿತು. ನಿನ್ನ ಕ್ಲಾಸಿನಿಂದ, ನಿನ್ನ ಕೈಕೆಳಗೆ ನಾಲ್ಕು ವರ್ಷ ಇದ್ದು, ಒಬ್ಬಳು ಹೀಗೆ ಹೊರಟಾಳು ಎಂದರೆ ಯಾರು ನಂಬುತ್ತಾರೆ? ನೀನು ಒಳ್ಳೆಯವನು, ಎಲ್ಲರೂ ಹೇಳುತ್ತಾರೆ. ಒಳ್ಳೆಯತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಕಾಗದ ಬೇಗ ಕಳಿಸು.

ಕೇಶವ


ಫರೀದಾಬಾದ್
17 ಮಾರ್ಚ್ 2003

ಕೇಶವಮೂರ್ತಿ,

ನೀನು ಕೇಳಿದ ಎರಡು ಸಾಲನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ.

ನಾನು ಸಹಿ ಹಾಕಿದರೆ ಇಪ್ಪತ್ತೆರಡು ಮಕ್ಕಳ ಫಲಿತಾಂಶ ತಡೆಹಿಡಿಯುತ್ತಾರೆ. ನಮ್ಮ ಮೇಡಂ ನನ್ನನ್ನು ಅದೇ ದಿನ ಗೇಟಿನ ಆಚೆ ಹಾಕುತ್ತಾರೆ. ನಿವೃತ್ತಿಗೆ ನಾಲ್ಕು ವರ್ಷ ಇದೆ. ಪ್ರೈವೇಟ್ ಶಾಲೆ, ಹೇಳುವವರು ಕೇಳುವವರು ಯಾರೂ ಇಲ್ಲ. ಈ ಊರಿನಲ್ಲಿ ಡ್ರಾಯಿಂಗ್ ಮೇಷ್ಟ್ರಿಗೆ ಎಷ್ಟು ಬೆಲೆ ಎಂದು ನಿನಗೆ ಗೊತ್ತಿಲ್ಲದ್ದೇ? ಜನವರಿಯಿಂದ ನನ್ನ ಪೀರಿಯಡ್ಡುಗಳನ್ನೆಲ್ಲ ಲೆಕ್ಕದವರಿಗೆ ಕೊಟ್ಟಿದ್ದಾರೆ. ಮುಖ್ಯ ಅತಿಥಿ ಬರುವ ದಿನ ಮಾತ್ರ ನಾನು ಬೇಕು, ಗೇಟಿನ ಮುಂದೆ ರಂಗೋಲಿ ಹಾಕಿಸಲು, ಥರ್ಮಕೋಲಿನಲ್ಲಿ ಸರಸ್ವತಿಯನ್ನು ಕೊರೆಯಲು. ಹೋದ ವರ್ಷ ಮೇಡಂ ನನ್ನನ್ನು ಕರೆದು, 'ಸ್ವಾಮೀಜಿ, ಡ್ರಾಯಿಂಗ್ ತೆಗೆದುಕೊಳ್ಳುವವರೆಲ್ಲ ವೀಕ್ ಸ್ಟೂಡೆಂಟ್ಸ್, ಅವರ ಪರ್ಸೆಂಟೇಜ್ ಎತ್ತೋದೇ ನಿಮ್ಮ ಕೆಲಸ' ಎಂದು ಹಿಂದಿಯಲ್ಲಿ ಅಪ್ಪಣೆ ಮಾಡಿದರು. ಎತ್ತಿದ್ದೇನೆ. ನಾನು ಎತ್ತದಿದ್ದರೆ ಈ ಶಾಲೆಯಲ್ಲಿ ಚಿತ್ರಕಲೆಯ ವಿಷಯವೇ ಇರುತ್ತಿರಲಿಲ್ಲ, ಆಗ ವಿಮಲಾಗೆ ಕೂರಲು ಬೆಂಚೂ ಇರುತ್ತಿರಲಿಲ್ಲ. ಇದನ್ನೂ ಸ್ವಲ್ಪ ಯೋಚಿಸು.

ನನ್ನ ಹೆಸರು ಬರದ ಹಾಗೆ ಬೇರೆ ದಾರಿ ನೋಡು. ಅಂಕ ಕೂಡುವಾಗ ತಪ್ಪಾಯಿತು ಎಂದು ಬರೆ. ನಿನಗೆ ಬೋರ್ಡಿನಲ್ಲಿ ಜನ ಇದ್ದಾರೆ.

ನನ್ನನ್ನು ಹೇಡಿ ಎನ್ನುತ್ತೀಯ. ಅನ್ನು.

ತಿಪ್ಪೇಸ್ವಾಮಿ


ಫರೀದಾಬಾದ್
29 ಮೇ 2003

ತಿಪ್ಪೇಸ್ವಾಮಿ ಸರ್‌ಗೆ ನಮಸ್ತೆ,

ನಾನು ವಿಮಲಾ. ಎರಡು ಸಲ ನಿಮ್ಮ ಮನೆಗೆ ಬಂದೆ, ಬೀಗ ಇತ್ತು. ಸ್ಕೂಲಿಗೂ ಛುಟ್ಟಿ, ಅಲ್ಲೂ ಯಾರೂ ಇಲ್ಲ. ಅದಕ್ಕೇ ಈ ಲೆಟರ್ ನಿಮ್ಮ ಬಾಗಿಲ ಕೆಳಗೆ ಹಾಕ್ತಿದೀನಿ. ಹಿಂದಿಯಲ್ಲಿ ಬರೆದರೆ ಪಕ್ಕದ ಮನೆಯವರು ಯಾರಾದರೂ ಓದಬಹುದು ಅಂತ ಕನ್ನಡದಲ್ಲಿ ಬರೀತಿದೀನಿ. ಭಾನುವಾರದ ಕನ್ನಡ ಕ್ಲಾಸಲ್ಲಿ ಕಲಿತದ್ದು ಇಷ್ಟೇ. ತಪ್ಪು ಇದ್ದರೆ ಮಾಫ್ ಮಾಡಿ.

ರಿಸಲ್ಟ್ ಬಂತು. ಎಲ್ಲದರಲ್ಲೂ ಪಾಸ್. ಪೇಂಟಿಂಗ್ ಪ್ರಾಕ್ಟಿಕಲ್‌ನಲ್ಲಿ ಮಾತ್ರ ಕಂಪಾರ್ಟ್‌ಮೆಂಟ್, ಜುಲೈಯಲ್ಲಿ ಮತ್ತೆ ಬರೀಬೇಕು. ಕ್ಲಾಸಲ್ಲಿ ಬೇರೆ ಎಲ್ಲರೂ ಪಾಸ್. ಬ್ರಷ್ ಹಿಡಿಯೋಕೆ ಬರದ ಸ್ಫೂರ್ತಿಗೆ ಐವತ್ತೊಂದು ಬಂದಿದೆ.

ಅಪ್ಪ ಬೈಯಲಿಲ್ಲ ಸರ್. ಮಾರ್ಕ್ಸ್ ಕಾರ್ಡ್ ನೋಡಿ ನಕ್ಕರು. 'ನಿನಗೆ ಬರೋದು ಇದೊಂದೇ ಅಂತಿದ್ದೆ, ಅದರಲ್ಲೇ ಫೇಲಾ?' ಅಂದರು. ಆಮೇಲೆ ಆಫೀಸಿಗೆ ಹೋದರು.

ಒಂದು ಮಾತು ಕೇಳಬೇಕು. ಪರೀಕ್ಷೆ ಆದ ಮೇಲೆ ಬುಧವಾರ ನಾನು ಮರೆತ ಬ್ರಷ್ ತಗೊಳ್ಳೋಕೆ ಡ್ರಾಯಿಂಗ್ ರೂಮಿಗೆ ಬಂದಿದ್ದೆ. ಕಿಟಕಿಯಿಂದ ನೋಡಿದೆ. ನೀವು ಎಲ್ಲರ ಪೇಪರ್ ತಿದ್ದುತ್ತಾ ಇದ್ದಿರಿ. ನನ್ನದು ಒಂದೇ ತೆಗೆದು ಪಕ್ಕಕ್ಕೆ ಇಟ್ಟಿರಿ. ಆವಾಗ ನನಗೆ ಖುಷಿ ಆಗಿತ್ತು, ನನ್ನದು ಠೀಕ್ ಇದೆ, ಅದಕ್ಕೇ ಸರ್ ಮುಟ್ಟಲಿಲ್ಲ ಅಂತ. ಈಗ ಅನ್ನಿಸುತ್ತೆ, ನನ್ನದು ತಿದ್ದೋಕೂ ಆಗದಷ್ಟು ಕೆಟ್ಟದಾಗಿತ್ತಾ?

ನಿಜ ಹೇಳಿ ಸರ್. ನನಗೆ ಬೇಜಾರಾಗಲ್ಲ. ನೀವು ಏನು ಹೇಳ್ತೀರೋ ಅದನ್ನೇ ನಂಬುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ವಿಮಲಾ


ಫರೀದಾಬಾದ್
3 ಜೂನ್ 2003

ಕೇಶವ,

ಮಾರ್ಚಿನ ನನ್ನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಇದರ ಜೊತೆ ಒಂದು ಕಾಗದ ಇಟ್ಟಿದ್ದೇನೆ. ಓದಿ ವಾಪಸ್ಸು ಕಳಿಸು.

ಅವಳು ಬಂದಾಗಲೆಲ್ಲ ನಾನು ಮನೆಯಲ್ಲೇ ಇದ್ದೆ. ಅವಳು ಹುಡುಕಿಕೊಂಡು ಬರುತ್ತಾಳೆಂದು ಗೊತ್ತಿತ್ತು, ಅದಕ್ಕೇ ಹೆಂಡತಿಯ ಕೈಯಲ್ಲಿ ಹೊರಗಿನಿಂದ ಬೀಗ ಹಾಕಿಸಿಕೊಂಡು ಕೂತಿದ್ದೆ. ಕಾಗದ ಬಂದ ಮೇಲೆ ತಡೆಯಲಾಗದೆ ಅವರ ಕ್ವಾರ್ಟರ್ಸಿಗೆ ಹೋದೆ. ನಿಜ ಹೇಳಿಬಿಡೋಣವೆಂದೇ ಹೋದದ್ದು, ದೇವರಾಣೆಗೂ. ಬಸವಲಿಂಗಪ್ಪನವರು ಚಹಾ ಕೊಟ್ಟರು. ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಅವರು ಕೇಳಿದರು, 'ಮೇಷ್ಟ್ರೇ, ನೀವು ಒಬ್ಬರೇ ಇವಳನ್ನ ತಲೆ ಮೇಲೆ ಕೂರಿಸ್ಕೊಂಡಿದ್ರಿ. ಏನಾಯ್ತು ಅಂತ ನೀವೇ ಹೇಳಿ.'

ನಿಜ ಹೇಳಿದರೆ ಅವರು ನೆಟ್ಟಗೆ ಬೋರ್ಡಿಗೆ ಹೋಗುತ್ತಿದ್ದರು. ಕಚೇರಿಯ ಮನುಷ್ಯ, ಅರ್ಜಿ ಬರೆಯುವುದರಲ್ಲೇ ಕೂದಲು ಹಣ್ಣಾಗಿದೆ. ನಾನು ಚಹಾ ಕುಡಿದು, 'ಚಿತ್ರದಲ್ಲಿ ಫಿನಿಶಿಂಗ್ ಇರಲಿಲ್ಲ, ವಿಮಲಾ. ಬದನೆಕಾಯಿಯೇ ಕಾಣುತ್ತಿರಲಿಲ್ಲ. ಪರೀಕ್ಷಕರಿಗೆ ಅರ್ಥವಾಗುವ ಹಾಗೆ ಬರೆಯಬೇಕು' ಎಂದೆ. ಅವಳು 'ಹೂಂ ಸರ್' ಎಂದಳು. ಅಷ್ಟೆ. ನಾನು ಹೇಳಿದ್ದನ್ನು ನಂಬುತ್ತೇನೆಂದು ಬರೆದಿದ್ದಳಲ್ಲ, ಹಾಗೆಯೇ ನಂಬಿದಳು.

ಅಲ್ಲಿಂದ ಬಂದವನು ಊಟ ಮಾಡಿಲ್ಲ. ನನ್ನ ನಾಲಿಗೆ ಸೀಳಿಹೋಗಬಾರದಿತ್ತೇ ಎನ್ನಿಸುತ್ತದೆ.

ಈಗ ಉಳಿದಿರುವುದು ಒಂದೇ ದಾರಿ. ಆರ್ಟ್ ಕಾಲೇಜಿನವರು ಆಗಸ್ಟಿನಲ್ಲಿ ಎರಡನೇ ಪಟ್ಟಿ ತೆಗೆಯುತ್ತಾರೆ. ಕಂಪಾರ್ಟ್‌ಮೆಂಟ್ ಪಾಸಾದವರನ್ನೂ ಅದರಲ್ಲಿ ತೆಗೆದುಕೊಳ್ಳುತ್ತಾರೆ. ಆದರೆ ಅದೇ ಮೂವತ್ತು ಬೇಕು. ಆಗಸ್ಟಿನವರೆಗೆ ಕಾಯುತ್ತೇನೆ ಎಂದು ಬಸವಲಿಂಗಪ್ಪನವರು ಒಪ್ಪಿದ್ದಾರೆ. ಜುಲೈಯಲ್ಲಿ ಪರೀಕ್ಷಕ ಯಾರೋ, ಸೆಂಟರ್ ಯಾವುದೋ. ನೀನು ಏನಾದರೂ ಮಾಡಬಲ್ಲೆಯಾ?

ತಿಪ್ಪೇಸ್ವಾಮಿ


ಕರೋಲ್ ಬಾಗ್
11 ಜೂನ್ 2003

ತಿಪ್ಪೇಶಿ,

ಹುಡುಗಿಯ ಕಾಗದ ವಾಪಸ್ಸು ಇಟ್ಟಿದ್ದೇನೆ. ಎರಡು ಸಲ ಓದಿದೆ. ನಿನ್ನ ಕಾಗದ ಒಂದೇ ಸಲ ಓದಿದೆ, ಅದು ಸಾಕಾಗಿತ್ತು. ನಿನ್ನ ಹೇಡಿತನವನ್ನು ಹದಿನೆಂಟರ ಹುಡುಗಿಯ ತಲೆಗೆ ಕಟ್ಟಿ ಬಂದಿದ್ದೀಯ. ನಾನು ನಿನ್ನ ಚಿತ್ರಗಳನ್ನು ಹೀಯಾಳಿಸಿದ್ದಕ್ಕೆ ನೀನು ಹನ್ನೆರಡು ವರ್ಷ ಮಾತು ಬಿಟ್ಟೆ. ಅವಳು ನಿನ್ನ ಜೊತೆ ಎಷ್ಟು ವರ್ಷ ಮಾತು ಬಿಡಬೇಕು, ನೀನೇ ಹೇಳು.

ಕೆಲಸ ಆಗಿದೆ. ಕಂಪಾರ್ಟ್‌ಮೆಂಟ್ ಪ್ರಾಕ್ಟಿಕಲ್ಲಿಗೆ ನಮ್ಮ ಶಾಲೆಯೇ ಸೆಂಟರ್, ಪರೀಕ್ಷಕನೂ ನಾನೇ. ಜುಲೈ 17, 18. ಇದ್ದದ್ದೇ ನಾಲ್ಕು ಮಕ್ಕಳು, ಆದ್ದರಿಂದ ಆರು ಗಂಟೆಯೂ ನಾನೇ ಎದುರಿಗೆ ಕೂತಿರುತ್ತೇನೆ. ಅವಳಿಗೆ ಏನನ್ನೂ ಹೇಳಿಕೊಡಬೇಡ. ನಿನ್ನ ಬಿಳಿ ಚುಕ್ಕೆಯ ವಿದ್ಯೆಯನ್ನಂತೂ ಕಲಿಸಲೇಬೇಡ. ಹೇಗಿದ್ದಾಳೋ ಹಾಗೆ ಕಳಿಸು. ಆ ಹಾಳೆ ನಿಜವಾಗಿ ಅವಳದೇ ಆಗಿದ್ದರೆ, ಕಣ್ಣಾರೆ ಕಂಡ ಮೇಲೆ ಕೊಡಬೇಕಾದ್ದನ್ನು ಕೊಡುತ್ತೇನೆ. ಇಷ್ಟು ವರ್ಷ ಈ ಕೆಲಸ ಮಾಡಿದ್ದಕ್ಕೆ ಒಂದಾದರೂ ನ್ಯಾಯ ನನ್ನ ಕೈಯಿಂದಾಗಲಿ.

ಕೇಶವ


ಕರೋಲ್ ಬಾಗ್
20 ಜುಲೈ 2003

ತಿಪ್ಪೇಶಿ,

ನೀನು ಹೇಳಿದ್ದು ನಿಜ.

ಮೊದಲಿನಿಂದ ಹೇಳುತ್ತೇನೆ, ಸಾವಧಾನವಾಗಿ ಓದು. ಅಲ್ಯೂಮಿನಿಯಂ ಕೆಟಲ್ಲು, ಎರಡು ಈರುಳ್ಳಿ, ಮಡಿಸಿದ ದಿನಪತ್ರಿಕೆ, ಇಷ್ಟನ್ನು ಸ್ಟೂಲಿನ ಮೇಲಿಟ್ಟಿದ್ದೆ. ಉಳಿದ ಮೂವರು ಕೂತ ಕೂಡಲೇ ಪೆನ್ಸಿಲ್ಲು ಎಳೆದರು. ಇವಳು ಅರ್ಧ ಗಂಟೆ ಏನನ್ನೂ ಮಾಡಲಿಲ್ಲ. ಸುಮ್ಮನೆ ನೋಡುತ್ತಾ ಕೂತಳು. ಮನೆಯಲ್ಲಿ ನೀನು ಹೇಳಿಬಂದ ಮಾತಿಗೆ ಕೈ ಕಟ್ಟಿಹೋಗಿದೆಯೋ ಏನೋ ಎಂದು ನನಗೆ ಗಾಬರಿಯಾಯಿತು. ಆಮೇಲೆ ಎದ್ದುಬಂದು ಕೇಳಿದಳು, 'ಸರ್, ಪಂಖಾ ಬಂದ್ ಮಾಡಬಹುದಾ? ಈರುಳ್ಳಿ ಸಿಪ್ಪೆ ಹಾರ್ತಾ ಇದೆ.' ಜುಲೈ ತಿಂಗಳ ದೆಹಲಿ. ಉಳಿದವರು ಗೊಣಗಿದರು. ಅವರಿಗೆ ಪಕ್ಕದ ಕೋಣೆಯಲ್ಲಿ ಬೇರೆ ಕೆಟಲ್ಲು, ಈರುಳ್ಳಿ ಇಟ್ಟುಕೊಟ್ಟು ಇಲ್ಲಿ ಫ್ಯಾನು ಆರಿಸಿದೆ. ಎರಡು ದಿನ, ದಿನಕ್ಕೆ ಮೂರು ಗಂಟೆ, ಬೆವರಿನಲ್ಲಿ ತೊಯ್ದು ಆ ಹುಡುಗಿಯ ಹಿಂದೆ ಕೂತಿದ್ದೆ.

ತಿಪ್ಪೇಶಿ, ನಾನು ಮ್ಯೂಸಿಯಂಗಳನ್ನು ನೋಡಿದ್ದೇನೆ, ದೊಡ್ಡ ಪ್ರದರ್ಶನಗಳಲ್ಲಿ ತೀರ್ಪುಗಾರನಾಗಿ ಕೂತಿದ್ದೇನೆ. ಒಂದು ಈರುಳ್ಳಿಯನ್ನು ಯಾರೂ ಹಾಗೆ ನೋಡಿದ್ದನ್ನು ನಾನು ಕಂಡಿಲ್ಲ. ಕೆಟಲ್ಲಿನ ಹೊಟ್ಟೆಯಲ್ಲಿ ಕಿಟಕಿ ಕಾಣುತ್ತಿದೆ, ಕಿಟಕಿಯ ಪಕ್ಕದಲ್ಲಿ ಕುರ್ಚಿಯ ಮೇಲೆ ಒಬ್ಬ ಮುದುಕ ಕೂತಿದ್ದಾನೆ. ಹೆಬ್ಬೆರಳ ಉಗುರಿನಷ್ಟೂ ಇಲ್ಲ. ಅದು ನಾನು. ಸೋತ ಭುಜ, ಮುಂದಕ್ಕೆ ಬಾಗಿದ ಕತ್ತು, ಎಲ್ಲ ನಾನೇ. ನನ್ನ ಹೆಂಡತಿಯೂ ನನ್ನನ್ನು ಅಷ್ಟು ಸರಿಯಾಗಿ ನೋಡಿಲ್ಲ. ಕಣ್ಣಿನಲ್ಲಿ ನೀರು ಬಂತು, ಮುಚ್ಚಿಡುವುದೇಕೆ.

ಮುಗಿಸಿ ಹಾಳೆ ತಂದುಕೊಟ್ಟಳು. 'ಸರ್, ಇದರಲ್ಲಿ ಫಿನಿಶಿಂಗ್ ಇದೆಯಾ?' ಎಂದು ಕೇಳಿದಳು. ಸುಮಾರಾಗಿದೆ ಎಂದೆ.

ಇಪ್ಪತ್ತು ಅಂಕ ಕೊಟ್ಟಿದ್ದೇನೆ. ಪಾಸು.

ಕೋಪ ಮಾಡಿಕೊಳ್ಳುವ ಮೊದಲು ಕೇಳು. ಫೆಬ್ರವರಿಯಲ್ಲಿ ಒಂಬತ್ತು ಕೊಟ್ಟವನು ಜುಲೈಯಲ್ಲಿ ಐವತ್ತೈದು ಕೊಟ್ಟರೆ ಬೋರ್ಡಿನವರು ಎರಡೂ ಹಾಳೆ ತರಿಸುತ್ತಾರೆ. ಪಕ್ಕಪಕ್ಕ ಇಟ್ಟರೆ ಕುರುಡನಿಗೂ ಒಂದೇ ಕೈ ಎಂದು ಗೊತ್ತಾಗುತ್ತದೆ. ಆಮೇಲೆ ಉಳಿದ ಇಪ್ಪತ್ತೆರಡನ್ನೂ ತರಿಸುತ್ತಾರೆ. ನೀನು ಸಹಿ ಮಾಡದೆ ಉಳಿಸಿಕೊಂಡ ನೌಕರಿ ಆಗ ಉಳಿಯುತ್ತಿತ್ತೇ? ನನ್ನದೂ ಇದೆ. ಹೋದ ವಾರ ನನ್ನನ್ನು ಪಠ್ಯಕ್ರಮ ಸಮಿತಿಗೆ ತೆಗೆದುಕೊಂಡರು. ಅಕ್ಟೋಬರಿನಲ್ಲಿ 'ಶಿಕ್ಷಣದಲ್ಲಿ ಕಲೆಯ ಸ್ಥಾನ' ಎಂದು ಪ್ರಬಂಧ ಓದಬೇಕು. ಈ ದೇಶದ ಶಾಲೆಗಳಲ್ಲಿ ಡ್ರಾಯಿಂಗ್ ಪೀರಿಯಡ್ಡನ್ನು ಲೆಕ್ಕದವರ ಕೈಯಿಂದ ಬಿಡಿಸಿಕೊಳ್ಳಲು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದೇನೆ. ಅಲ್ಲಿ ಕೂತರೆ ಸಾವಿರ ಮಕ್ಕಳಿಗೆ ಒಳ್ಳೆಯದಾಗುತ್ತದೆ. ಇಪ್ಪತ್ತು ಕೊಟ್ಟರೆ ಯಾರೂ ಏನೂ ಕೇಳುವುದಿಲ್ಲ. ಮೂವತ್ತು ಬೇಕಿತ್ತೆಂದು ನನಗೂ ಗೊತ್ತು, ನೆನಪಿಸಬೇಡ.

ಆ ಹಾಳೆಯನ್ನು ಬೋರ್ಡಿಗೆ ಕಳಿಸಲಿಲ್ಲ. ಅದರ ಬದಲು ಅದೇ ಕೆಟಲ್ಲು, ಅದೇ ಈರುಳ್ಳಿ ಇಟ್ಟು ನಾನೇ ಒಂದು ಚಿತ್ರ ಬರೆದು ಅವಳ ನಂಬರು ಹಾಕಿದೆ. ಇಪ್ಪತ್ತು ಅಂಕದ ಚಿತ್ರ ಬರೆಯಲು ನನಗೆ ನಲವತ್ತು ನಿಮಿಷ ಹಿಡಿಯಿತು. ನಿನ್ನ ಕೈಯನ್ನು ನೆನೆದುಕೊಂಡು ಬರೆದೆ.

ಅವಳದನ್ನು ಚೌಕಟ್ಟು ಹಾಕಿಸಿ ಊಟದ ಮೇಜಿನ ಎದುರಿನ ಗೋಡೆಗೆ ಹಾಕಿದ್ದೇನೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡುತ್ತೇನೆ. ಎಷ್ಟು ನೋಡಿದರೂ ಸಾಕಾಗುವುದಿಲ್ಲ.

ಕೇಶವ


ಫರೀದಾಬಾದ್
1 ಸೆಪ್ಟೆಂಬರ್ 2003

ಕೇಶವ,

ಆರು ವಾರ ಉತ್ತರ ಬರೆಯಲಿಲ್ಲ. ನಿನ್ನ ಕಾಗದ ಬಂದ ದಿನ ಬೋರ್ಡಿಗೆ ಅರ್ಜಿ ಬರೆದೆ. ಎಲ್ಲವನ್ನೂ ಬರೆದೆ, ಬುಧವಾರದ್ದನ್ನೂ, ನಿನ್ನ ಗೋಡೆಯನ್ನೂ. ಅಂಟು ಹಚ್ಚಿ ಸ್ಟಾಂಪು ಅಂಟಿಸಿ ಒಂದು ವಾರ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ದಿನಾ ಅಂಚೆ ಡಬ್ಬಿಯ ಮುಂದೆಯೇ ಹೋಗುತ್ತೇನೆ. ಒಂದು ದಿನ ಹೆಂಡತಿ ಅಂಗಿಯನ್ನು ಒಗೆಯಲು ಹಾಕಿದಳು. ನಾನೂ ತಡೆಯಲಿಲ್ಲ.

ಎರಡನೇ ಪಟ್ಟಿ ಬಂತು, ಹೋಯಿತು. ಬಸವಲಿಂಗಪ್ಪನವರು ಮಗಳನ್ನು ಲಕ್ಷ್ಮೀ ನಗರದ ಒಂದು ಕೋಚಿಂಗಿಗೆ ಸೇರಿಸಿದ್ದಾರೆ. ಗುಮಾಸ್ತೆ ಪರೀಕ್ಷೆಗೆ. ಇಲ್ಲಿಂದ ದಿನಾ ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. ಹೋದ ಮಂಗಳವಾರ ಸ್ಟಾಪಿನಲ್ಲಿ ಸಿಕ್ಕಿದಳು. ನಾನೇ ಮಾತಾಡಿಸಿದೆ.

'ಏನಮ್ಮ, ಚಿತ್ರ ಬರೀತಿದೀಯಾ?'

'ಇಲ್ಲ ಸರ್. ಟೈಮ್ ಇಲ್ಲ. ರೀಸನಿಂಗ್ ಕಷ್ಟ ಇದೆ.'

ಮುಖದಲ್ಲಿ ಸಿಟ್ಟಿರಲಿಲ್ಲ. ಅವಳು ಇನ್ನೂ ಹೇಳಿದಳು, 'ಬಣ್ಣ ಎಲ್ಲ ಪಕ್ಕದ ಮನೆ ಪಾಪುಗೆ ಕೊಟ್ಟೆ. ನೀವು ನಿಜ ಹೇಳಿದ್ದು ಅಚ್ಛಾ ಆಯ್ತು ಸರ್. ಇಲ್ಲದಿದ್ದರೆ ನಾನು ಇನ್ನೂ ನನಗೆ ಬರುತ್ತೆ ಅಂತಲೇ ಅಂದುಕೊಂಡಿರ್ತಿದ್ದೆ.' ಅಷ್ಟರಲ್ಲಿ ಬಸ್ಸು ಬಂತು. ಹತ್ತಿ ಹೋದಳು.

ನಿನ್ನನ್ನು ಬೈಯಬೇಕೆಂದೇ ಈ ಕಾಗದಕ್ಕೆ ಕೂತೆ. ನೀನು ಮಾಡಿದ್ದು ಕೊಲೆ ಎಂದು ಬರೆಯಬೇಕೆಂದಿದ್ದೆ. ಆದರೆ ಹೇಳಬೇಕಾದ್ದು ಬೇರೆಯೇ ಇದೆ. ಈ ಆರು ವಾರ ನನಗೆ ಅವಳ ಮುಖಕ್ಕಿಂತ ಹೆಚ್ಚಾಗಿ ಆ ಕೆಟಲ್ಲೇ ನೆನಪಾಗುತ್ತಿದೆ. ಕ್ಲಾಸಿನಲ್ಲಿ ಕರಿಹಲಗೆಯ ಮುಂದೆ ನಿಂತಾಗಲೂ, ಕಿಟಕಿ, ಕುರ್ಚಿ, ಉಗುರಿನಷ್ಟು ನೀನು, ಇದನ್ನೇ ಯೋಚಿಸುತ್ತಿರುತ್ತೇನೆ. ನೀನು ಬರೆದದ್ದನ್ನು ಓದಿ ಓದಿ ಕಾಗದದ ಮಡಿಕೆ ಹರಿದುಹೋಗಿದೆ. ಹೇಗೆ ಬರೆದಿರಬಹುದು ಎಂದು ಊಹಿಸಿ ನಾನೂ ಎರಡು ಸಲ ಬರೆಯಲು ನೋಡಿದೆ. ನನ್ನ ಕೆಟಲ್ಲಿನಲ್ಲಿ ಏನೂ ಕಾಣಲಿಲ್ಲ.

ಭಾನುವಾರ ಏಳನೇ ತಾರೀಖು ಮನೆಯಲ್ಲಿರುತ್ತೀಯಾ? ಹತ್ತು ಗಂಟೆಯ ಹೊತ್ತಿಗೆ ಬರುತ್ತೇನೆ, ಆಗ ನಿಮ್ಮ ಊಟದ ಕೋಣೆಯಲ್ಲಿ ಒಳ್ಳೆಯ ಬೆಳಕಿರುತ್ತದಲ್ಲ. ಹಳೆಯದನ್ನೆಲ್ಲ ತೆಗೆಯುವುದಿಲ್ಲ, ಜಗಳವನ್ನೂ ಆಡುವುದಿಲ್ಲ. ಒಂದು ಗಂಟೆ ಆ ಚಿತ್ರದ ಮುಂದೆ ಕೂರಲು ಬಿಡು, ಸಾಕು. ವಿಮಲಾಗೆ ಹೇಳುವುದಿಲ್ಲ.

ನಿನ್ನ,
ತಿಪ್ಪೇಶಿ